ಜಾತ್ರೆಯ ದೋಣಿಗೆ ಮಕ್ಕಳ ಚೀಲ

ಪುಷ್ಯ ಹುಣ್ಣಿಮೆಯ ದಿನ ಕಾರವಾರದ ಕಡವಾಡದಿಂದ ನರಸಿಂಹ ದೇವರ ಮೂರ್ತಿ ದೋಣಿ ಏರುತ್ತದೆ. ಕಾಳಿ ನದಿಯ ಅಳಿವೆ ದಾಟಿ ಕೂರ್ಮಗಡ ನಡುಗಡ್ಡೆ ಸೇರುವ ದೇವರ ಹಿಂದೆ ಕೋಡಿಬಾಗ, ಬೈತಖೋಲ ಕಡೆಯ ಮೀನುಗಾರರ ಬೋಟುಗಳಲ್ಲಿ ಭಕ್ತರೂ ಹೊರಡುತ್ತಾರೆ. ಹರಕೆಯ ಬಾಳೆಗೊನೆ, ಹಣ್ಣುಕಾಯಿಯ ಬುಟ್ಟಿ, ಅಜ್ಜಿಯ ಮಡಿಲಲ್ಲಿ ಜರಿಲಂಗ ತೊಟ್ಟ ಮೊಮ್ಮಗಳು, ಅಪ್ಪನ ಹೆಗಲ ಮೇಲೆ ಟೊಪ್ಪಿ ಹಾಕಿದ ಹುಡುಗ. ವರ್ಷವಿಡೀ ಸಮುದ್ರವನ್ನು ದಡದಿಂದಷ್ಟೇ ನೋಡುವ ಸಂಸಾರಗಳೂ ಅಂದು ನೀರಿಗೆ ಇಳಿಯುತ್ತವೆ. ಕಾರವಾರ, ಅಂಕೋಲಾದ ಎಷ್ಟೋ ಮಕ್ಕಳಿಗೆ ಮೊದಲ ಸಮುದ್ರಯಾನ ಇದೇ.

ಈಗ ಬೇರೆ ದಾರಿಗಳೂ ಇವೆ. ದೇವಬಾಗದ ಕಡೆ ದೋಣಿವಿಹಾರ, ಡಾಲ್ಫಿನ್ ನೋಡುವ ಸವಾರಿ, ಕಾಳಿಯ ನಡುವಿನ ಕಾಳಿಮಾತೆಯ ದ್ವೀಪ. ಇನ್ನೂ ಕೈಯಲ್ಲಿ ದುಡ್ಡಿದ್ದರೆ ಮುಂಬೈಗೆ ಹೋಗಿ ಹಡಗು ಹತ್ತುವವರೂ ಇದ್ದಾರೆ. ದೋಣಿ ಯಾವುದೇ ಇರಲಿ, ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ನಡೆಯುವುದು ಒಂದೇ: ಅಮ್ಮ ಚೀಲ ತುಂಬುವುದು, ಅಪ್ಪ "ಇಷ್ಟೆಲ್ಲ ಎಂತಕ್ಕೆ?" ಎನ್ನುವುದು, ದೋಣಿಯಲ್ಲಿ ಅದೇ ಅಪ್ಪ ಬಿಸ್ಕತ್ತಿಗೆ ಕೈಚಾಚುವುದು.

ಆ ಚೀಲ ಬಿಚ್ಚಿ ನೋಡಿದರೆ ಎರಡು ಜೊತೆ ಬಟ್ಟೆ, ಹಾಲಿನ ಬಾಟಲಿ, ಡೈಪರ್, ಟವೆಲ್, ಪೌಡರ್, ಚಕ್ಕುಲಿ, ಪವರ್ ಬ್ಯಾಂಕ್ ಎಲ್ಲ ಸಿಗುತ್ತವೆ. ಮಗುವಿನ ಅಳತೆಯ ಜೀವರಕ್ಷಕ ಜಾಕೆಟ್ ಒಂದು ಮಾತ್ರ ಇರುವುದಿಲ್ಲ. ಅದು ದೋಣಿಯವನ ಜವಾಬ್ದಾರಿ ಎಂದು ನಾವು ಬಿಟ್ಟುಬಿಟ್ಟಿದ್ದೇವೆ. ಮಗುವಿನ ಹಾಲನ್ನು ಯಾರೂ ದೋಣಿಯವನಿಗೆ ಬಿಡುವುದಿಲ್ಲ.

2019ರ ಜನವರಿ 21, ಸೋಮವಾರ. ತುಮಕೂರಿನಲ್ಲಿ ಸಿದ್ಧಗಂಗಾ ಶ್ರೀಗಳು ಲಿಂಗೈಕ್ಯರಾದ ದಿನ. ನಾಡಿನ ಕಣ್ಣೆಲ್ಲ ಆ ಕಡೆ ಇದ್ದಾಗ ಕೂರ್ಮಗಡ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿತು. ನೌಕಾಪಡೆ, ಕರಾವಳಿ ಕಾವಲು ಪಡೆ, ಸುತ್ತಲಿದ್ದ ಮೀನುಗಾರರು ಧಾವಿಸಿ ಕೆಲವರನ್ನು ಎತ್ತಿದರು. ಹದಿನಾರು ಜನ ತೀರಿಕೊಂಡರು; ಅವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಕುಟುಂಬದ ಹಿರಿಯರೂ ಎಳೆಯ ಮಕ್ಕಳೂ ಇದ್ದರು. ದೋಣಿಯಲ್ಲಿ ಮಿತಿ ಮೀರಿ ಜನ ಹತ್ತಿದ್ದು, ಮೈಮೇಲೆ ಜಾಕೆಟ್ ಇಲ್ಲದಿದ್ದುದು ಆಗ ಎಲ್ಲರ ಬಾಯಲ್ಲೂ ಬಂದ ಮಾತು. ಆಮೇಲಿನ ಜಾತ್ರೆಗಳಲ್ಲಿ ಜಿಲ್ಲಾಡಳಿತ ಜಾಕೆಟ್ ಕಡ್ಡಾಯ ಮಾಡಿತು, ದೋಣಿ ಹತ್ತುವಲ್ಲಿ ಪೊಲೀಸರು ನಿಂತರು. ಒಳ್ಳೆಯದೇ ಆಯಿತು. ಆದರೆ ಕಡ್ಡಾಯದ ಜಾಕೆಟ್ ಎಂದರೆ ದೊಡ್ಡವರ ಜಾಕೆಟ್.

ಧಕ್ಕೆಯ ಮೇಲೆ ಈ ದೃಶ್ಯ ಎಷ್ಟು ಸಲ ಬೇಕಾದರೂ ಕಾಣಸಿಗುತ್ತದೆ. ರಾಶಿಯಿಂದ ಒಂದು ಕಿತ್ತಳೆ ಬಣ್ಣದ ಜಾಕೆಟ್ ಎಳೆದು ನಾಲ್ಕು ವರ್ಷದ ಹುಡುಗಿಯ ಕೊರಳಿಗೆ ಇಳಿಬಿಡುತ್ತಾರೆ. ಅದು ಅವಳ ಮೊಣಕಾಲು ಮುಟ್ಟುತ್ತದೆ. "ಇದು ದೊಡ್ಡದಾಯ್ತಲ್ಲ ಅಣ್ಣಾ" ಎಂದು ತಾಯಿ ಕೇಳಿದರೆ, "ಅಡ್ಡಿಲ್ಲ ಅಕ್ಕಾ, ಹಗ್ಗ ಬಿಗ್ದು ಕಟ್ಟಿ" ಎಂಬ ಉತ್ತರ. ಅಡ್ಡಿ ಇದೆ. ನೀರಿಗೆ ಬಿದ್ದೊಡನೆ ಜಾಕೆಟ್ ಮೇಲಕ್ಕೆ ಏಳುತ್ತದೆ, ಮಗು ಕೆಳಕ್ಕೆ ಜಾರುತ್ತದೆ. ಎರಡು ಕೈಗಳೂ ಮೇಲೆದ್ದು, ತೊಟ್ಟ ಜಾಕೆಟ್ಟಿನೊಳಗಿಂದಲೇ ಮಗು ನುಣುಚಿ ಹೋಗುತ್ತದೆ. ಸೊಂಟಕ್ಕೆ ಹಗ್ಗ ಎಷ್ಟು ಬಿಗಿದರೂ ಚಿಕ್ಕ ಮಕ್ಕಳಿಗೆ ಅದನ್ನು ತಡೆದು ನಿಲ್ಲಿಸುವಷ್ಟು ಸೊಂಟವೇ ಇರುವುದಿಲ್ಲ.

ಮಕ್ಕಳ ಜಾಕೆಟ್ಟನ್ನು ವಯಸ್ಸು ಹೇಳಿ ಕೊಳ್ಳಬಾರದು, ತೂಕ ನೋಡಿ ಕೊಳ್ಳಬೇಕು. ಅಂತರರಾಷ್ಟ್ರೀಯ ಹಡಗು ನಿಯಮಗಳು 15 ಕಿಲೋಗಿಂತ ಕಡಿಮೆ ಇದ್ದರೆ ಕೂಸು, 15ರಿಂದ 43 ಕಿಲೋವರೆಗೆ ಮಗು, ಅದಕ್ಕೂ ಮೇಲೆ ದೊಡ್ಡವರು ಎಂದು ವಿಂಗಡಿಸುತ್ತವೆ. ಪ್ರಯಾಣಿಕರ ಹಡಗಿನಲ್ಲಿ ನೂರು ಜನಕ್ಕೆ ಕನಿಷ್ಠ ಹತ್ತು ಮಕ್ಕಳ ಜಾಕೆಟ್ ಇರಲೇಬೇಕೆಂಬುದೂ ಅದೇ ನಿಯಮ. ನಮ್ಮ ಮೀನಿನ ಬೋಟುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ, ಅದಕ್ಕಾಗಿಯೇ ಮನೆಯ ಚೀಲದಲ್ಲಿ ಜಾಕೆಟ್ ಇರಬೇಕು ಎನ್ನುವುದು. ಜಾಕೆಟ್ಟಿನ ಒಳಗಿನ ಚೀಟಿಯಲ್ಲಿ ಎಷ್ಟು ಕಿಲೋದಿಂದ ಎಷ್ಟು ಕಿಲೋವರೆಗೆ ಎಂದು ಬರೆದಿರುತ್ತದೆ, ಬರೆದಿಲ್ಲದಿದ್ದರೆ ಬಿಡಿ. ಎರಡು ಕಾಲುಗಳ ನಡುವೆ ಹಾದು ಬರುವ ಪಟ್ಟಿ ಬೇಕು, ತಲೆಯ ಹಿಂದೆ ದಿಂಬಿನಂಥ ಕಾಲರ್ ಬೇಕು, ಒಂದು ಸೀಟಿ ಕಟ್ಟಿದ್ದರೆ ಇನ್ನೂ ಒಳ್ಳೆಯದು. ತೊಡಿಸಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮಗುವನ್ನು ಮೆಲ್ಲಗೆ ಮೇಲೆತ್ತಿ. ಜಾಕೆಟ್ ಗಲ್ಲ ದಾಟಿ ಕಿವಿಯತ್ತ ಏರಿದರೆ ಅದು ದೊಡ್ಡದು. ಹೊಟ್ಟೆಗೆ ಹಾಕುವ ಗಾಳಿ ಟ್ಯೂಬು, ತೋಳಿಗೆ ಹಾಕುವ ಗಾಳಿಪಟ್ಟಿ ಈಜುಕೊಳದ ಆಟಿಕೆಗಳು, ಅವನ್ನು ಇಲ್ಲಿ ತರಲೇಬೇಡಿ.

ಹಿಂದಿನ ದಿನವೇ ಮನೆಯಲ್ಲಿ ತೊಡಿಸಿ ಅಂಗಳದಲ್ಲಿ ಓಡಾಡಿಸಿ. ದೋಣಿಯಲ್ಲಿ ಮೊದಲ ಸಲ ತೊಟ್ಟ ಮಗು ಸೆಖೆಗೆ ರಚ್ಚೆ ಹಿಡಿಯುತ್ತದೆ, ಹತ್ತು ನಿಮಿಷಕ್ಕೆ ತಂದೆತಾಯಿ ಸೋತು ಬಿಚ್ಚುತ್ತಾರೆ. ಇದರಲ್ಲಿ ನಮ್ಮ ಕರಾವಳಿಯವರ ಪಾಲೂ ಇದೆ. ಮಂಜಗುಣಿಯಲ್ಲಿ ಗಂಗಾವಳಿ ಹೊಳೆ ದಾಟಿ ಗೋಕರ್ಣಕ್ಕೆ ಹೋಗಿ ಬಂದು ಬೆಳೆದ ಅಂಕೋಲೆಯ ಹಿರಿಯರಿಗೆ ಜಾಕೆಟ್ ತೊಡುವುದೆಂದರೆ ಮರ್ಯಾದೆ ಪ್ರಶ್ನೆ. ಅಜ್ಜ ತೊಡದಿದ್ದರೆ ಮೊಮ್ಮಗ ಯಾಕೆ ತೊಟ್ಟಾನು?

ಚೀಲದಲ್ಲಿ ತುಂಬಲಾಗದ ಒಂದು ವಸ್ತುವಿದೆ, ಹೊತ್ತು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಉಬ್ಬರ ಇಳಿತ ಎರಡೂ ಜೋರು. ಕೂರ್ಮಗಡದ ಜಾತ್ರೆ ನಡೆಯುವುದೇ ಹುಣ್ಣಿಮೆಗೆ. ಅಂದು ಈ ತೀರದಲ್ಲಿ ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮೊದಲೇ ಉಬ್ಬರ ತುಂಬಿ, ಆಮೇಲೆ ನೀರು ಇಳಿಯತೊಡಗುತ್ತದೆ. ಬಿಸಿಲು ಏರಿದಂತೆ ಕಡಲಗಾಳಿ ದಡದತ್ತ ಬೀಸುತ್ತದೆ. ಹೊರಗೆ ಹರಿಯುವ ಕಾಳಿಯ ನೀರಿಗೂ ಒಳಗೆ ನುಗ್ಗುವ ಗಾಳಿಗೂ ಅಳಿವೆಯಲ್ಲಿ ಮುಖಾಮುಖಿ ಆದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತವೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರನ್ನು ನಂಬಿ ಹೋದವರು ಮರಳುವುದು ಇದೇ ಹೊತ್ತಿಗೆ, ಊಟ ಮುಗಿಸಿ, ದಣಿದು, "ಇದೇ ಬೋಟಿಗೆ ಹತ್ತಿಬಿಡೋಣ" ಎಂಬ ಅವಸರದಲ್ಲಿ. ಮಕ್ಕಳಿದ್ದರೆ ಬೆಳಗಿನ ಮೊದಲ ದೋಣಿಗೆ ಹೋಗಿ, ಗಾಳಿ ಏಳುವ ಮುನ್ನ ಮರಳಿ. ಹೊರಡುವ ಮೊದಲು ದೋಣಿಯಲ್ಲಿ ಎಷ್ಟು ಜನಕ್ಕೆ ಅನುಮತಿ ಎಂದು ಬರೆದಿರುವುದನ್ನು ಓದಿ, ತಲೆ ಎಣಿಸಿ. ಹೆಚ್ಚಿದ್ದರೆ ಇಳಿಯಿರಿ. ನಾಲ್ಕು ಜನ ನಗಬಹುದು, ನಗಲಿ.

1880ರ ದಶಕದ ಆರಂಭದಲ್ಲಿ ಯುವಕ ರವೀಂದ್ರನಾಥ ಟ್ಯಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಒಂದು ದಿನ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ರಾತ್ರಿ ಬೆಳದಿಂಗಳಲ್ಲಿ ಹರಿವಿನ ಜೊತೆ ಇಳಿದು ಬಂದು, ಅಳಿವೆಯ ಹತ್ತಿರ ದೋಣಿ ಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಂಕುಳಲ್ಲಿ ಕೂಸಿಲ್ಲದ ಇಪ್ಪತ್ತರ ಹರೆಯದ ಕವಿಗೆ ಅದು ಸರಿ. ನಾವು ಬೆಳಕಿರುವಾಗಲೇ ದಡ ಸೇರೋಣ.

ಇನ್ನು ಹೊಟ್ಟೆಯ ವಿಚಾರ. ಹುಬ್ಬಳ್ಳಿ, ಹಾವೇರಿ ಕಡೆಯಿಂದ ಬರುವ ಮಕ್ಕಳು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗಲೇ ಒಂದೆರಡು ಸಲ ವಾಂತಿ ಮಾಡಿರುತ್ತಾರೆ. ಅಂಕೋಲೆ ಮುಟ್ಟುವಾಗ ಬಾಡಿದ ಮುಖ, ಖಾಲಿ ಹೊಟ್ಟೆ. ಅಂಥ ಮಗುವನ್ನು ಕಾರಿನಿಂದ ಇಳಿಸಿ ನೇರ ದೋಣಿಗೆ ಹತ್ತಿಸುವುದು ಕ್ರೌರ್ಯ. ಒಂದು ರಾತ್ರಿ ಅಂಕೋಲೆಯಲ್ಲೋ ಕಾರವಾರದಲ್ಲೋ ಮಲಗಿಸಿ, ಮಾರನೆಯ ಬೆಳಿಗ್ಗೆ ಹೊರಡಿ. ಎರಡರಿಂದ ಹನ್ನೆರಡರ ವಯಸ್ಸಿನ ಮಕ್ಕಳಿಗೇ ಈ ತಲೆಸುತ್ತು ಹೆಚ್ಚು. ಬಸ್ ಪ್ರಯಾಣಕ್ಕೆಂದು ಮನೆಯಲ್ಲಿಟ್ಟ ಅವೋಮಿನ್ ಮಾತ್ರೆಯನ್ನು ಅರ್ಧ ಮುರಿದು ಕೂಸಿಗೂ ಕೊಡುವವರಿದ್ದಾರೆ. ಅದರಲ್ಲಿರುವ ಪ್ರೊಮೆಥಾಜಿನ್ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದ ಔಷಧಿ. ದೊಡ್ಡ ಮಕ್ಕಳಿಗೂ ವೈದ್ಯರನ್ನು ಕೇಳಿಯೇ ಕೊಡಬೇಕು, ಅದೂ ಹೊರಡುವ ಮೊದಲು. ವಾಂತಿ ಶುರುವಾದ ಮೇಲೆ ನುಂಗಿಸಿದರೆ ಮಾತ್ರೆಯೂ ಹೊರಗೆ.

ಬೆಳಿಗ್ಗೆ ಎರಡು ಇಡ್ಲಿ ಸಾಕು. ನಮ್ಮ ಕಡೆಯ ಬನ್ಸು ಎಷ್ಟೇ ರುಚಿಯಾದರೂ ಎಣ್ಣೆಯದು, ಅದನ್ನು ಮರಳಿ ಬಂದ ಮೇಲೆ ಕೊಡಿಸಿ. ದೋಣಿಯಲ್ಲಿ ಒಣ ಅವಲಕ್ಕಿ, ಬಿಸ್ಕತ್ತು, ಬಾಳೆಹಣ್ಣು. ಮಗುವನ್ನು ದೋಣಿಯ ನಡುಭಾಗದಲ್ಲಿ, ಡೀಸೆಲ್ ಹೊಗೆಯಿಂದ ದೂರ ಕೂರಿಸಿ, ದೂರದ ಸದಾಶಿವಗಡದ ಗುಡ್ಡ ತೋರಿಸಿ. ಮೊಬೈಲ್ ಕೊಟ್ಟು ಸುಮ್ಮನಿರಿಸಿದರೆ ಐದೇ ನಿಮಿಷಕ್ಕೆ ಹೊಟ್ಟೆ ತೊಳಸುತ್ತದೆ. ಓಆರೆಸ್ ಪೊಟ್ಟಣ ಮರೆತಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮುರುಗಲು ಪಾನಕ ದೊಡ್ಡವರಿಗಿರಲಿ.

ಬಟ್ಟೆಯ ಬಗ್ಗೆ ಅಜ್ಜಿಯಂದಿರ ಹತ್ತಿರ ಜಗಳಕ್ಕೆ ಸಿದ್ಧರಾಗಬೇಕು. ದೇವರ ಕಾರ್ಯಕ್ಕೆ ಹೊರಟಾಗ ಮೊಮ್ಮಗಳಿಗೆ ಜರಿಲಂಗವೇ ಆಗಬೇಕು ಎನ್ನುತ್ತಾರೆ. ಒದ್ದೆಯಾದ ಲಂಗ ಭಾರ, ಕಾಲಿಗೆ ಸುತ್ತಿಕೊಳ್ಳುತ್ತದೆ. ಹತ್ತಿ ಬಟ್ಟೆ ಹಾಕಿಸಿ, ಲಂಗವನ್ನು ಚೀಲದಲ್ಲಿಡಿ. ಗಡದ ಮೇಲೆ ಬದಲಿಸಿದರೆ ಅಜ್ಜಿಯೂ ಗೆದ್ದಂತೆ. ಕಾಲಿಗೆ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿಯೇ ಆಗಬೇಕು. ನಡುಗಡ್ಡೆಯ ಬಂಡೆಗಳಿಗೆ ಅಂಟಿದ ಕಲ್ವದ ಚಿಪ್ಪು ಬ್ಲೇಡಿನಷ್ಟು ಹರಿತ, ಬರಿಗಾಲಿನಲ್ಲಿ ಇಳಿದ ಮಕ್ಕಳ ಪಾದ ಸೀಳಿಬಿಡುತ್ತದೆ. ಅಷ್ಟನ್ನೂ ಬೆನ್ನಿಗೆ ಹಾಕುವ ಒಂದೇ ಚೀಲದಲ್ಲಿ, ಒಳಗೆ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ ತುಂಬಿ. ಗಾಲಿಯ ಸೂಟ್‌ಕೇಸ್ ಎಳೆದುಕೊಂಡು ಧಕ್ಕೆಗೆ ಬರುವವರೂ ಇದ್ದಾರೆ! ಎರಡು ಕೈಯೂ ಖಾಲಿ ಇರಬೇಕು, ಒಂದು ಮಗುವಿಗೆ, ಒಂದು ದೋಣಿಯ ಅಂಚಿಗೆ. ಬಾಳೆಗೊನೆ ಹೊರಲು ಜಾತ್ರೆಯಲ್ಲಿ ಜನಕ್ಕೇನು ಬರ.

ಮುಂಬೈಯ ದೊಡ್ಡ ಹಡಗಿಗೆ ಹೋಗುವವರಿಗೆ ಇಷ್ಟೇ ಹೇಳುವುದು: ಒಪ್ಪಿಸಿದ ದೊಡ್ಡ ಪೆಟ್ಟಿಗೆ ಕೋಣೆಗೆ ಬರಲು ಗಂಟೆಗಳೇ ಹಿಡಿಯಬಹುದು, ಮಕ್ಕಳ ಔಷಧಿ, ಬಟ್ಟೆ, ಗುರುತಿನ ಕಾಗದಗಳು ಕೈಚೀಲದಲ್ಲಿರಲಿ. ಹತ್ತಿದೊಡನೆ ನಡೆಯುವ ಸುರಕ್ಷತಾ ಕವಾಯತಿಗೆ ಮಕ್ಕಳನ್ನು ಕರೆದುಕೊಂಡೇ ಹೋಗಿ, ಅವರ ಅಳತೆಯ ಜಾಕೆಟ್ ಅಲ್ಲೇ ಕೇಳಿ ಪಡೆಯಿರಿ. ಉಳಿದದ್ದನ್ನು ಹಡಗಿನವರು ನೋಡಿಕೊಳ್ಳುತ್ತಾರೆ, ಅದಕ್ಕಾಗಿಯೇ ಅಷ್ಟು ದುಡ್ಡು ಕೊಟ್ಟಿರುತ್ತೀರಿ.

ಮುಂದಿನ ಪುಷ್ಯ ಹುಣ್ಣಿಮೆಗೆ ಕೂರ್ಮಗಡಕ್ಕೆ ಹೊರಡುವವರು ಮಗುವನ್ನು ಈಗಲೇ ಒಮ್ಮೆ ತೂಗಿ, ಆ ತೂಕದ ಜಾಕೆಟ್ ಕೊಂಡುಕೊಳ್ಳಿ. ಸಿಗದಿದ್ದರೆ ಕೂಸನ್ನು ಮನೆಯಲ್ಲಿ ಬಿಟ್ಟು, ಹರಕೆಯ ಗೊನೆಯನ್ನು ನೆರೆಯವರ ಕೈಯಲ್ಲಿ ಕಳಿಸಿ, ದೇವರು ಸಿಟ್ಟಾಗುವುದಿಲ್ಲ. ದೋಣಿ ಹತ್ತುವವರು ಮೊಬೈಲಿನಲ್ಲಿ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ: ಕರಾವಳಿ ಕಾವಲು ಪಡೆಯದು 1554, ಕರಾವಳಿ ಕಾವಲು ಪೊಲೀಸರದು 1093.