ಅಮ್ಮನ ಮೇಲೆ ರೇಗಿದ ರಾತ್ರಿ

ಚಿಕ್ಕಲಸಂದ್ರದ ಬಾಡಿಗೆ ಕೋಣೆಯಲ್ಲಿ ನಾವು ಮೂವರು ಗೆಳೆಯರಿದ್ದೇವೆ. ಇಬ್ಬರಿಗೆ ಕೆಲಸವಿದೆ, ನಾನಿನ್ನೂ ಹುಡುಕುತ್ತಿದ್ದೇನೆ. ಕಳೆದ ತಿಂಗಳು ಒಂದು ರಾತ್ರಿ ಅರಸೀಕೆರೆಯಿಂದ ಅಮ್ಮ ಫೋನ್ ಮಾಡಿದ್ದರು. ‘ಊಟ ಆಯ್ತೇನೋ? ಇಂಟರ್‌ವ್ಯೂದು ಏನಾಯ್ತು?’ ಕೇಳಿದ್ದು ಅಷ್ಟೇ. ‘ಆದ್ರೆ ನಾನೇ ಹೇಳ್ತೀನಲ್ಲಮ್ಮಾ, ದಿನಾ ಯಾಕೆ ಕೇಳ್ತೀಯಾ?’ ಎಂದು ರೇಗಿ ಫೋನ್ ಇಟ್ಟುಬಿಟ್ಟೆ. ಮರುದಿನದಿಂದ ಅಮ್ಮನ ಫೋನ್ ಬರಲಿಲ್ಲ.

ಸಿಟ್ಟು ಅಮ್ಮನ ಮೇಲಿನದ್ದಲ್ಲ ಎಂಬುದು ಗೊತ್ತಿತ್ತು. ಹಾಗಾದರೆ ಯಾವುದರ ಮೇಲಿನದ್ದು? ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಒಂದು ವಾರ ನನ್ನನ್ನು ಕೆರಳಿಸಿದ್ದನ್ನೆಲ್ಲ ಬರೆದಿಟ್ಟೆ. ಬನಶಂಕರಿಗೆ ಹೊರಟ ಬಸ್ಸು ಟ್ರಾಫಿಕ್‌ನಲ್ಲಿ ನಿಂತದ್ದು, ರಾತ್ರಿ ಎರಡರವರೆಗೆ ಮೊಬೈಲ್ ನೋಡಿ ನಿದ್ದೆಗೆಟ್ಟದ್ದು, ಸಹಪಾಠಿಯ ‘ಹೊಸ ಕೆಲಸ’ದ ಸ್ಟೇಟಸ್, ತಿಂಡಿ ಬಿಟ್ಟು ಬರೀ ಕಾಫಿ ಕುಡಿದದ್ದು, ಐದನೇ ತಾರೀಕಿನ ಬಾಡಿಗೆ. ಎಲ್ಲವೂ ಚಿಲ್ಲರೆ ಸಂಗತಿಗಳೇ!

1967ರಲ್ಲಿ ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಒತ್ತಡ ತರುವ 43 ಘಟನೆಗಳನ್ನು ಪಟ್ಟಿ ಮಾಡಿ ಅಂಕ ಕೊಟ್ಟಿದ್ದರು. ಸಂಗಾತಿಯ ಸಾವಿಗೆ 100, ಕೆಲಸ ಹೋದರೆ 47, ಮದುವೆಗೂ 50! ಆದರೆ 1981ರಲ್ಲಿ ಮನೋವಿಜ್ಞಾನಿ ರಿಚರ್ಡ್ ಲಜಾರಸ್ ಮತ್ತು ಸಂಗಡಿಗರ ಅಧ್ಯಯನ ಬೇರೊಂದು ಮಾತು ಹೇಳಿತು. ಮನಸ್ಸಿನ ನೆಮ್ಮದಿ ಕೆಡುವುದನ್ನು ಅಂಥ ದೊಡ್ಡ ಘಟನೆಗಳಿಗಿಂತ ದಿನನಿತ್ಯದ ಸಣ್ಣ ಕಿರಿಕಿರಿಗಳೇ ಚೆನ್ನಾಗಿ ಸೂಚಿಸುತ್ತವೆಯಂತೆ.

ಪಟ್ಟಿಯನ್ನು ಎರಡು ಭಾಗ ಮಾಡಿದೆ. ಟ್ರಾಫಿಕ್ ನನ್ನ ಕೈಯಲ್ಲಿಲ್ಲ. ನಿದ್ದೆ, ತಿಂಡಿ, ಮೊಬೈಲ್ ನನ್ನ ಕೈಯಲ್ಲೇ ಇವೆ. ಆದರೆ ಬರೆಯದೇ ಬಿಟ್ಟ ಸಂಗತಿಯೊಂದಿತ್ತು. ಆ ಇಂಟರ್‌ವ್ಯೂನಲ್ಲಿ ನಾನು ಆಯ್ಕೆಯಾಗಿಲ್ಲವೆಂದು ಹದಿನೈದು ದಿನ ಮೊದಲೇ ತಿಳಿದಿತ್ತು. ಮನೆಯಲ್ಲಿ ಮಾತ್ರ ‘ಇನ್ನೂ ಗೊತ್ತಾಗಿಲ್ಲ’ ಎನ್ನುತ್ತಿದ್ದೆ. ಅಮ್ಮನ ಪ್ರಶ್ನೆ ಚುಚ್ಚುತ್ತಿದ್ದುದು ಆ ಸುಳ್ಳನ್ನು.

ಎಂಟನೇ ದಿನ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, ‘ಇಷ್ಟೇನಾ? ಹುಷಾರಿಲ್ವೇನೋ ಅಂತ ಹೆದರಿದ್ದೆ ಕಣೋ’ ಎಂದರು.

ಮನೆಯವರ ಬಳಿ ಹೇಳಿಕೊಳ್ಳಲಾಗದಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಕೆಲಸ ಇನ್ನೂ ಸಿಕ್ಕಿಲ್ಲ. ಅಮ್ಮ ಈಗಲೂ ದಿನಾ ಕೇಳುತ್ತಾರೆ. ‘ಇಲ್ಲಮ್ಮಾ, ಇನ್ನೂ ಆಗಿಲ್ಲ’ ಎಂದು ಹೇಳಿಯೇ ಮಲಗುತ್ತೇನೆ. ನಿದ್ದೆ ಬರುತ್ತಿದೆ.