ಮೊಣಕೈ ಅಗಲಿಸಿ ನಿಂತ ಹಸು

ಹಿಂಡಿ ಕಲಸಿಟ್ಟರೆ ಮೂಸಿ ಮುಖ ತಿರುಗಿಸುತ್ತದೆ. ನಿನ್ನೆಗಿಂತ ಹಾಲು ಅರ್ಧಕ್ಕಿಳಿದಿದೆ. ಬೆನ್ನು ಬಾಗಿದೆ, ಮುಂಗಾಲಿನ ಮೊಣಕೈಗಳು ಪಕ್ಕೆಯಿಂದ ದೂರ ಸರಿದಿವೆ. ಮೇಯಲು ಬಿಟ್ಟರೆ ಏರು ಹತ್ತುತ್ತದೆ, ಇಳಿಜಾರಿಗೆ ಮಾತ್ರ ಕಾಲಿಡುವುದಿಲ್ಲ. ಮನೆಯವರು ಅಜೀರ್ಣವೆಂದು ಕಷಾಯ ಕುಡಿಸುತ್ತಾರೆ. ಆದರೆ ಆ ನಿಲುವು ಕಂಡೊಡನೆ ಪಶುವೈದ್ಯರಿಗೆ ಬರುವ ಅನುಮಾನವೇ ಬೇರೆ: ತಂತಿಯನ್ನೋ ಮೊಳೆಯನ್ನೋ ನುಂಗಿರಬೇಕು.

ಹಸು ಮೇಯುವಾಗ ಸರಿಯಾಗಿ ಅಗಿಯುವುದಿಲ್ಲ. ನುಂಗಿದ್ದನ್ನು ಆಮೇಲೆ ಮೆಲುಕು ಹಾಕುತ್ತದೆ. ಹುಲ್ಲಿನ ಜೊತೆ ಒಳಗೆ ಹೋದ ತಂತಿ ಭಾರಕ್ಕೆ ಹೊಟ್ಟೆಯ ಎರಡನೆಯ ಚೀಲದಲ್ಲಿ, ಜೇನುತಟ್ಟಿಯಂಥ ಒಳಮೈ ಇರುವಲ್ಲಿ ತಂಗುತ್ತದೆ. ಅಲ್ಲಿಂದ ಹೃದಯ ಬಲು ಹತ್ತಿರ, ನಡುವೆ ವಪೆಯ ಪರದೆ. ಚೀಲ ಹಿಂಡಿದಾಗಲೆಲ್ಲ ತಂತಿ ಚುಚ್ಚುತ್ತದೆ. ಇಳಿಜಾರಿನಲ್ಲಿ ಹೊಟ್ಟೆಯ ಭಾರ ಮುಂದಕ್ಕೆ ಬಂದು ನೊಂದ ಜಾಗವನ್ನೇ ಒತ್ತುತ್ತದೆ. ಮೊಣಕೈ ಅಗಲಿಸಿದರೆ ಎದೆಗೆ ತುಸು ಬಿಡುವು. ವೈದ್ಯರು ಹೆಗಲ ಮೇಲಿನ ಚರ್ಮ ಹಿಂಡಿ ನೋಡುತ್ತಾರೆ. ಆರೋಗ್ಯದ ಹಸು ಬೆನ್ನು ತಗ್ಗಿಸುತ್ತದೆ, ನೋವಿರುವುದು ತಗ್ಗಿಸದೆ ನರಳುತ್ತದೆ. ಬೇಗ ತಿಳಿದರೆ ಅಯಸ್ಕಾಂತ ನುಂಗಿಸಿ, ಆಂಟಿಬಯೋಟಿಕ್ ಕೊಟ್ಟು, ಇಲ್ಲವೆ ಶಸ್ತ್ರಚಿಕಿತ್ಸೆ ಮಾಡಿ ಉಳಿಸಬಹುದು. ಗಂಗೆದೊಗಲು ಊದಿ ಕತ್ತಿನ ರಕ್ತನಾಳ ಹಗ್ಗದಂತೆ ಉಬ್ಬಿದ ಮೇಲೆ ಆಸೆ ತೀರಾ ಕಡಿಮೆ.

ಹಸುವಿನಂಥ, ಬೇಟೆಗೆ ಸಿಗುವ ಕುಲದ ಪ್ರಾಣಿ ನೋವನ್ನು ಮರೆಮಾಚುತ್ತದೆ. ಸೋತಂತೆ ಕಂಡರೆ ಅದೇ ಮೊದಲ ಬಲಿ. ಹಾಗಾಗಿ ದಿನಾ ಹಾಲು ಕರೆಯುವವರ ಕಣ್ಣಿಗೆ ಬಿದ್ದ ಸಣ್ಣ ಬದಲಾವಣೆಯನ್ನು ನಾನು ಥರ್ಮಾಮೀಟರಿನಷ್ಟೇ ನಂಬುತ್ತೇನೆ. ಹಸು ದಿನಕ್ಕೆ 7-8 ಗಂಟೆ ಮೆಲುಕು ಹಾಕುತ್ತದೆ, ಒಂದೊಂದು ತುತ್ತನ್ನೂ ಸುಮಾರು 50-60 ಸಲ ಅಗಿಯುತ್ತದೆ. ಮೆಲುಕು ಯಾವಾಗ ನಿಂತಿತು, ಹಸು ಮಲಗಲು ಕಷ್ಟಪಡುತ್ತಿದೆಯೇ, ಗುಂಪಿನಿಂದ ದೂರ ನಿಲ್ಲುತ್ತಿದೆಯೇ ಎಂಬುದನ್ನು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದಾಗಲೇ ಹೇಳಿ. ಆಗುವುದಾದರೆ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಕರು ಹಾಕಿದ ಒಂದೆರಡು ದಿನದಲ್ಲಿ ಕುಸಿದು, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದ್ದರೆ ಬಹುಶಃ ಹಾಲು ಜ್ವರ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ, ವೈದ್ಯರು ನರಕ್ಕೆ ಏರಿಸಿದರೆ ಹೆಚ್ಚಿನ ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಮೂಳೆ, ಬಟ್ಟೆ ಅಗಿಯುವುದು ಹಲವು ಸಲ ರಂಜಕದ ಕೊರತೆಯ ಲಕ್ಷಣ.

ಒಂದು ನಡತೆ ಕಂಡರೆ ಮಾತ್ರ ಹತ್ತಿರ ಹೋಗಬೇಡಿ. ಜೊಲ್ಲು ಸುರಿಸುತ್ತ, ಒಡಕು ದನಿಯಲ್ಲಿ ಮತ್ತೆಮತ್ತೆ ಕೂಗುತ್ತ, ನೀರೂ ನುಂಗಲಾರದ ಹಸುವನ್ನು ಕಂಡರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎನಿಸುತ್ತದೆ. ಅದು ರೇಬೀಸ್ ಇರಬಹುದು. ಬಾಯಿಗೆ ಕೈ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ಕೇಳಿ.