ಕಿವಿಯೊಳಗೆ ಜೀರುಂಡೆ ಕೂತರೆ

ರಾಶಿ ಮಾಡಿದ ದಿನ ರಾತ್ರಿ ಕಿವಿ ಗುಂಯ್ ಅನ್ನೋದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಬೆಳಗಾಗೋದರೊಳಗೆ ಹೋಗ್ತದೆ. ಕೆಲವರಿಗೆ ಹೋಗದೆ ಉಳಿಯುತ್ತದೆ. ನನ್ನ ಎರಡೂ ಕಿವಿಯಲ್ಲಿ ಆರು ವರ್ಷದಿಂದ ಉಳಿದಿದೆ. ಡಾಕ್ಟರು ಇದಕ್ಕೆ ಟಿನಿಟಸ್ ಅಂತಾರೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗವಿದೆ. ಅದರೊಳಗಿನ ಕೂದಲುಕೋಶಗಳು ಸದ್ದಿಗೆ ಪೈರಿನಂತೆ ಬಾಗುತ್ತವೆ, ಸುದ್ದಿ ಮಿದುಳಿಗೆ ಹೋಗ್ತದೆ. ಗದ್ದಲ ಅತಿಯಾದರೆ ಈ ಪೈರು ಸಾಯುತ್ತದೆ, ಮತ್ತೆ ಚಿಗುರುವುದಿಲ್ಲ. ಸುದ್ದಿ ಕಡಿಮೆಯಾದಾಗ ಮಿದುಳು ರೇಡಿಯೋದ ವಾಲ್ಯೂಮ್ ಏರಿಸಿದ ಹಾಗೆ ಮಾಡ್ತದೆ. ಸ್ಟೇಷನ್ ಸಿಗದಾಗ ಬರುವ ಗೊರಗೊರದಂಥದ್ದೇ ಈ ಸದ್ದು.

ಹಾಗಾಗಿ ಇದು ಕಿವಿಗೆ ಹೊಕ್ಕ ಗಾಳಿಯಲ್ಲ. ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ ರಸ ಬಿಟ್ಟು ಫಲವಿಲ್ಲ. ತಮಟೆ ತೂತಾಗಿದ್ದರೆ ಅಪಾಯವೇ. ಗುಗ್ಗೆ ಗಟ್ಟಿಯಾಗಿಯೂ ಸದ್ದು ಬರಬಹುದು. ಅದನ್ನು ಡಾಕ್ಟರೇ ತೆಗೆಯಲಿ, ಬೆಂಕಿಕಡ್ಡಿ ಹಾಕಬೇಡಿ. ಹೆಚ್ಚು ಪ್ರಮಾಣದ ಆಸ್ಪಿರಿನ್, ಜೆಂಟಾಮೈಸಿನ್ ಇಂಜೆಕ್ಷನ್‌ನಿಂದಲೂ ಸದ್ದು ಬರುವುದುಂಟು.

ಸದ್ದನ್ನೇ ಅಳಿಸುವ ಮಾತ್ರೆ ಇನ್ನೂ ಇಲ್ಲ. ಆದರೆ ಅದರ ಕಾಟ ಇಳಿಸಬಹುದು. ಕಿವಿ ಮಂದವಾಗಿದ್ದರೆ ಶ್ರವಣಯಂತ್ರ ಹಾಕಿದಾಗ ಹೊರಗಿನ ಸದ್ದು ಬಂದು ಒಳಗಿನದು ಹಿಂದೆ ಸರಿಯುತ್ತದೆ. ರಾತ್ರಿ ನಿಶ್ಶಬ್ದದಲ್ಲಿ ಮಲಗಬೇಡಿ. ಫ್ಯಾನ್ ಅಥವಾ ಸಣ್ಣಗೆ ರೇಡಿಯೋ ಇರಲಿ. ಅದರ ಬಗ್ಗೆ ಹೆದರಿದಷ್ಟೂ ಜೋರಾಗ್ತದೆ. ಈ ಹೆದರಿಕೆ ಬಿಡಿಸುವ ಆಪ್ತಸಲಹೆ ಒಳ್ಳೆಯ ಚಿಕಿತ್ಸೆಗಳಲ್ಲಿ ಒಂದು.

ಆದರೆ ಒಂದೇ ಕಿವಿಯಲ್ಲಿ ಸದ್ದು, ನಾಡಿಯ ಲಯಕ್ಕೆ ಸರಿಯಾಗಿ ಬಡಿಯುವ ಸದ್ದು, ತಲೆಸುತ್ತು ಇದ್ದರೆ ತಡಮಾಡದೆ ಕಿವಿ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಕಿವಿ ಕೇಳದಾದರೆ ಅದೇ ದಿನ ಹೋಗಿ. ಚಿಕಿತ್ಸೆ ಶುರುವಾಗುವುದು ತಡವಾದಷ್ಟೂ ಶ್ರವಣ ಮರಳುವ ಆಸೆ ಕಡಿಮೆ. ಶ್ರವಣ ಪರೀಕ್ಷೆಗೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ.

ಇನ್ನೂ ಕಿವಿ ಚೆನ್ನಾಗಿರುವವರಿಗೆ ಒಂದು ಲೆಕ್ಕ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಮಿತಿ. ಪ್ರತಿ 3 ಡೆಸಿಬಲ್ ಏರಿದರೆ ಹೊತ್ತು ಅರ್ಧ. 94ಕ್ಕೆ ಒಂದೇ ತಾಸು. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್, ರಾಶಿ ಯಂತ್ರ 90 ದಾಟುವುದು ಸಾಮಾನ್ಯ. ಅಳೆಯುವ ಯಂತ್ರ ಬೇಡ. ಒಂದು ಮೊಳ, ಎರಡು ಮೊಳ ದೂರದವನಿಗೆ ಕೂಗಿ ಹೇಳಬೇಕಾದರೆ ಮಿತಿ ದಾಟಿತು ಅಂತಲೇ ತಿಳಿಯಿರಿ. ಹತ್ತಿ ಸಾಲದು. ಫೋಮ್ ಬಿರಡೆಯನ್ನು ಹೊಸೆದು ಒಳಗೆ ಸೇರಿಸಿ, ಉಬ್ಬುವ ತನಕ ಹಿಡಿಯಿರಿ. ಕೂಲಿಯವರಿಗೂ ಒಂದೊಂದು ಜೊತೆ ಕೊಡಿ.